ಜೇಬಿನಲ್ಲಿ ವೆಂಗುರ್ಲೆ: ಒಂದು ಇಸ್ಪೀಟ್ ಕಟ್ಟಿನಲ್ಲಿ ಕಡಲ್ಗಳ್ಳರ ಆಟ

ಬೆಳಗಾವಿಯಿಂದ ಲೋಂಡಾ ಕಡೆಗೆ ಹೊರಟ ರೈಲಿನಲ್ಲಿ ಇಸ್ಪೀಟ್ ಎಲೆ ಕಲಸುವ ಸದ್ದು ಹೊಸದಲ್ಲ. ಆಡುವ ಆಟಗಳು ಮಾತ್ರ ಅವೇ: ರಮ್ಮಿ, ಕತ್ತೆ, ಮೆಂಡಿಕೋಟ್. ಮಕ್ಕಳು ಮೊಬೈಲ್ ಬಿಟ್ಟು ಕೂರಬೇಕಾದರೆ ಅವಕ್ಕಿಂತ ಬೇರೆ ರುಚಿಯ ಆಟ ಬೇಕು. ಹಡಗು, ಸರಕು, ಕೊಳ್ಳೆ ಇರುವ ಕಡಲ್ಗಳ್ಳರ ಕಾರ್ಡ್ ಆಟಗಳು ಈಗ ಅಂತರ್ಜಾಲದ ಅಂಗಡಿಗಳಲ್ಲಿ ಸಿಗುತ್ತವೆ. ಚಿಕ್ಕ ಡಬ್ಬಿ, ಎಲ್ಲಿಗಾದರೂ ಒಯ್ಯಬಹುದು. ಆದರೆ ಹೊರದೇಶದಿಂದ ಬಂದ ಡಬ್ಬಿಗೆ ದುಡ್ಡು ಸುರಿದ ಮೇಲೆ ‘ಇದು ನಮ್ಮ ಮನೆಯವರಿಗೆ ಒಗ್ಗಲಿಲ್ಲ’ ಎಂದು ಗೊತ್ತಾದರೆ ಪ್ರಯೋಜನವಿಲ್ಲ.

ಅದಕ್ಕೊಂದು ಸುಲಭ ದಾರಿ ಇದೆ. ಮನೆಯಲ್ಲಿರುವ 52 ಎಲೆಯ ಕಟ್ಟಿನಲ್ಲೇ ಅಂಥದೊಂದು ಆಟ ಮೊದಲು ಆಡಿ ನೋಡುವುದು. ಅದರ ಯಾವ ಭಾಗ ನಿಮಗೆ ಹಿಡಿಸಿತೋ ಅದನ್ನು ನೋಡಿ ಡಬ್ಬಿ ಆರಿಸುವುದು. ಈ ಲೇಖನದಲ್ಲಿ ಆಟದ ಪೂರ್ತಿ ನಿಯಮಗಳಿವೆ, ಕೊನೆಗೆ ಕೊಳ್ಳುವವರಿಗೆ ಸಲಹೆಗಳಿವೆ.

ಮೊದಲು ಎರಡು ತತ್ವ

ಈ ಬಗೆಯ ಆಟಗಳ ಡಬ್ಬಿಯ ಮೇಲೆ ಎರಡು ಮಾತು ಪದೇ ಪದೇ ಕಾಣುತ್ತವೆ.

ಒಂದು, ಡ್ರಾಫ್ಟಿಂಗ್. ಮೆಂಡಿಕೋಟ್‌ನಲ್ಲಿ ಹಂಚಿದ ಎಲೆಗಳು ಆಡುವವರೆಗೂ ನಿಮ್ಮ ಕೈಯಲ್ಲೇ ಇರುತ್ತವೆ. ಡ್ರಾಫ್ಟಿಂಗ್‌ನಲ್ಲಿ ಹಾಗಲ್ಲ. ಕೈಯಲ್ಲಿರುವುದರಲ್ಲಿ ಒಂದೇ ಎಲೆ ಇಟ್ಟುಕೊಂಡು ಉಳಿದದ್ದನ್ನು ಪಕ್ಕದವರಿಗೆ ದಾಟಿಸಬೇಕು. ಇನ್ನೊಂದು ಪಕ್ಕದವರು ಬಿಟ್ಟ ಎಲೆಗಳು ನಿಮ್ಮ ಕೈಗೆ ಬರುತ್ತವೆ. ಕೆಟ್ಟ ಎಲೆ ಬಿತ್ತೆಂದು ಹಣೆಬರಹ ಹಳಿಯುವಂತಿಲ್ಲ, ಏಕೆಂದರೆ ಕೈಗಳು ಎಲ್ಲರ ಮುಂದೆ ಹಾದುಹೋಗುತ್ತವೆ. ‘ನನಗೇನು ಬೇಕು’ ಎಂಬುದರ ಜೊತೆಗೆ ‘ಪಕ್ಕದವರಿಗೆ ಏನು ಬಿಟ್ಟುಕೊಡಬಾರದು’ ಎಂಬುದನ್ನೂ ನೋಡಬೇಕು.

ಎರಡನೆಯದು, ಎಂಜಿನ್ ಕಟ್ಟುವುದು. ದಿನಾ ಹಾಲು ಕೊಳ್ಳುವ ಬದಲು ಎಮ್ಮೆ ಕಟ್ಟಿಕೊಂಡ ಹಾಗೆ: ಮೊದಲು ಕೈಯಿಂದ ಹೋಗುತ್ತದೆ, ಆಮೇಲೆ ತಾನೇ ಬರುತ್ತದೆ. ಮೊದಲ ಸುತ್ತಿನಲ್ಲಿ ಇಟ್ಟ ಎಲೆ ಮುಂದಿನ ಸುತ್ತುಗಳಲ್ಲಿ ಮತ್ತೆ ಮತ್ತೆ ಫಲ ಕೊಡುತ್ತದೆ, ಇಲ್ಲವೇ ದೊಡ್ಡ ಎಲೆ ಇಡಲು ದಾರಿ ಮಾಡಿಕೊಡುತ್ತದೆ. ಎಷ್ಟು ಹೊತ್ತು ಕಟ್ಟಬೇಕು, ಯಾವಾಗ ಕಟ್ಟುವುದು ಬಿಟ್ಟು ಬಾಚಿಕೊಳ್ಳಬೇಕು ಎಂಬುದೇ ಆಟದ ಜೀವ.

ಕೆರಿಬಿಯನ್‌ವರೆಗೆ ಹೋಗಬೇಕಿಲ್ಲ

ಕಡಲ್ಗಳ್ಳರ ಆಟಗಳೆಲ್ಲ ಸಾಮಾನ್ಯವಾಗಿ ಕೆರಿಬಿಯನ್ ಸಮುದ್ರದಲ್ಲೇ ನಡೆಯುತ್ತವೆ. ಬೆಳಗಾವಿಯವರಿಗೆ ಅಷ್ಟು ದೂರ ಯಾಕೆ? ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಘಾಟ್ ಇಳಿದರೆ ಗೋವೆ. ಅಂಬೋಲಿ ಘಾಟ್ ಇಳಿದರೆ ಸಾವಂತವಾಡಿ, ಅದರಾಚೆ ವೆಂಗುರ್ಲೆ.

ಈ ವೆಂಗುರ್ಲೆ ಒಂದು ಕಾಲಕ್ಕೆ ಬೆಳಗಾವಿಯ ಬಂದರೇ ಆಗಿತ್ತು. 17ನೇ ಶತಮಾನದಲ್ಲಿ ಅಲ್ಲಿ ಡಚ್ಚರ ವ್ಯಾಪಾರದ ಕೋಠಿ ಇತ್ತು. ಸಾವಂತವಾಡಿಯ ಸಾವಂತರ ಹಡಗುಗಳು ವ್ಯಾಪಾರಿ ನೌಕೆಗಳನ್ನು ಅಡ್ಡಗಟ್ಟುತ್ತಿದ್ದವು. ಆ ಕಡಲ್ಗಳ್ಳತನ ನಿಲ್ಲಿಸುವ ನೆಪದಲ್ಲಿ ಬ್ರಿಟಿಷರು 1812ರಲ್ಲಿ ವೆಂಗುರ್ಲೆಯನ್ನು ತಮ್ಮದಾಗಿಸಿಕೊಂಡರು. 1818ರಲ್ಲಿ ಬೆಳಗಾವಿ ಕೋಟೆ ಅವರ ವಶವಾಗಿ ದಂಡು ಬೀಡುಬಿಟ್ಟ ಮೇಲೆ ಸೈನ್ಯದ ಸಾಮಾನು ವೆಂಗುರ್ಲೆಯಲ್ಲಿ ಇಳಿದು ಘಾಟ್ ಹತ್ತಿ ಬೆಳಗಾವಿ ಸೇರುತ್ತಿತ್ತು. 1880ರ ದಶಕದಲ್ಲಿ ಲೋಂಡಾ, ಕ್ಯಾಸಲ್‌ರಾಕ್ ಮಾರ್ಗವಾಗಿ ಮೊರ್ಮುಗಾವಿಗೆ ರೈಲು ಬಂದಮೇಲೆ ಆ ಘಾಟಿನ ಓಡಾಟ ಇಳಿಯಿತು.

ಇನ್ನೂ ಹಿಂದೆ ಹೋದರೆ ಹೊನ್ನಾವರದ ತಿಮ್ಮೋಜಿ ಸಿಗುತ್ತಾನೆ. ವಿಜಯನಗರದ ನೆರಳಿನಲ್ಲಿ ಹಡಗು ನಡೆಸುತ್ತಿದ್ದ ಅವನನ್ನು ಪೋರ್ಚುಗೀಸರು ಕಡಲ್ಗಳ್ಳ ಎಂದೇ ಬರೆದರು. ಅದೇ ತಿಮ್ಮೋಜಿಯ ಮಾತು ಕೇಳಿ ಪೋರ್ಚುಗೀಸ್ ನಾಯಕ ಅಲ್ಬುಕರ್ಕ್ 1510ರಲ್ಲಿ ಗೋವೆಯ ಮೇಲೆ ಬಿದ್ದ. ಫೆಬ್ರವರಿಯಲ್ಲಿ ಗೆದ್ದು, ಮೇ ತಿಂಗಳಲ್ಲಿ ಕಳೆದುಕೊಂಡು, ನವೆಂಬರ್ 25ರಂದು ಮತ್ತೆ ಹಿಡಿದ. ಇನ್ನೊಬ್ಬ ಕಾನ್ಹೋಜಿ ಆಂಗ್ರೆ. ಮರಾಠರಿಗೆ ಅವನು ನೌಕಾಪಡೆಯ ಸರಖೇಲ, ಇಂಗ್ಲಿಷರಿಗೆ ಕಡಲ್ಗಳ್ಳ. 1729ರಲ್ಲಿ ತೀರಿಕೊಳ್ಳುವವರೆಗೂ ಅವನನ್ನು ಇಂಗ್ಲಿಷರಾಗಲಿ ಪೋರ್ಚುಗೀಸರಾಗಲಿ ಬಗ್ಗಿಸಲಾಗಲಿಲ್ಲ. ಯಾರು ಕಳ್ಳ, ಯಾರು ಕಾವಲುಗಾರ ಎಂಬುದು ಸುಂಕ ಯಾರ ಕೈಗೆ ಹೋಗುತ್ತದೆ ಎಂಬುದರ ಮೇಲೆ ನಿಂತಿತ್ತು. ನಮ್ಮ ಆಟದಲ್ಲೂ ಸುಂಕ, ಕೊಳ್ಳೆ ಎರಡೂ ಇವೆ. ಆಟಕ್ಕೆ ‘ವೆಂಗುರ್ಲೆ’ ಎಂದೇ ಹೆಸರಿಡೋಣ.

ಬೇಕಾದ ಸಾಮಾನು

ಜೋಕರ್ ತೆಗೆದ 52 ಎಲೆಯ ಒಂದು ಕಟ್ಟು, ಅಂಕ ಬರೆಯಲು ಒಂದು ಚೀಟಿ, ಒಂದು ಪೆನ್ಸಿಲ್. ಇಷ್ಟೇ. ಮೂವರು ಅಥವಾ ನಾಲ್ವರು ಆಡಬಹುದು. ಇಬ್ಬರ ಆಟಕ್ಕೆ ಸಣ್ಣ ಬದಲಾವಣೆ ಮುಂದೆ ಹೇಳಿದೆ.

ಬೆಳಗಾವಿಯಲ್ಲಿ ಒಂದೇ ಬೆಂಚಿನ ಮೇಲೆ ಕನ್ನಡ, ಮರಾಠಿ, ಕೊಂಕಣಿ, ಉರ್ದು ಮಾತಾಡುವವರು ಕೂತಿರುತ್ತಾರೆ. ಎಲೆಯ ಮೇಲೆ ಬರಹವಿಲ್ಲದ ಆಟ ಅಲ್ಲಿ ಎಲ್ಲರಿಗೂ ಸಲ್ಲುತ್ತದೆ. ಶುರುವಿಗೆ ಮುಂಚೆ ಬಣ್ಣಗಳ ಹೆಸರು ಒಮ್ಮೆ ಹೇಳಿಬಿಡಿ: ಆಟೀನು ಅಂದರೆ ಬದಾಮ, ಡೈಮಂಡ್ ಅಂದರೆ ಚೌಕಟ, ಕಳಾವರ್ ಅಂದರೆ ಕಿಲವರ, ಇಸ್ಪೀಟು ಅಂದರೆ ಇಸ್ಪಿಕ.

ಎಲೆಗಳ ಲೆಕ್ಕ

ಪ್ರತಿ ಬಣ್ಣದಲ್ಲೂ ಮೂರು ದರ್ಜೆ. ಎಕ್ಕದಿಂದ 5ರವರೆಗೆ ಸಣ್ಣ ಎಲೆ, 6ರಿಂದ 10ರವರೆಗೆ ನಡುವಿನ ಎಲೆ, ಗುಲಾಮ, ರಾಣಿ, ರಾಜ ದೊಡ್ಡ ಎಲೆ.

ಕಳಾವರ್ = ನಾವಿಕರು. ಯಾವ ಎಲೆಯಾದರೂ ಬಿಟ್ಟಿಯಾಗಿ ಇಡಬಹುದು. ಸಣ್ಣ ಮತ್ತು ನಡುವಿನ ಎಲೆಗೆ ಒಬ್ಬ ನಾವಿಕ, ದೊಡ್ಡ ಎಲೆಗೆ ಇಬ್ಬರು ಎಂದು ಲೆಕ್ಕ.

ಇಸ್ಪೀಟು = ಹಡಗು. ಸಣ್ಣದು ಮಚವೆ, ಒಂದು ಸರಕು ಹೊರುತ್ತದೆ. ನಡುವಿನದು ಗಲ್ಬತ್, ಎರಡು ಸರಕು. ದೊಡ್ಡದು ಗುರಾಬ್, ಮೂರು ಸರಕು.

ಆಟೀನು = ಬಂದರು. ಪ್ರತಿ ಸುತ್ತಿನ ಕೊನೆಗೆ ಸುಂಕ ತರುತ್ತದೆ: ಸಣ್ಣದಕ್ಕೆ 1 ಅಂಕ, ನಡುವಿನದಕ್ಕೆ 2, ದೊಡ್ಡದಕ್ಕೆ 3. ಆದರೆ ಒಂದು ಬಂದರಿಗೆ ಒಂದು ಹಡಗು ಬೇಕು. ಮೂರು ಬಂದರಿದ್ದು ಎರಡೇ ಹಡಗಿದ್ದರೆ ಎರಡು ಬಂದರಿನ ಸುಂಕ ಮಾತ್ರ. ಯಾವೆರಡು ಎಂಬುದು ನಿಮ್ಮಿಷ್ಟ.

ಡೈಮಂಡ್ = ಸರಕು. ಆಟದ ಕೊನೆಗೆ ಹಡಗಿನಲ್ಲಿದ್ದರೆ ಮಾತ್ರ ಬೆಲೆ: ಸಣ್ಣದಕ್ಕೆ 2, ನಡುವಿನದಕ್ಕೆ 4, ದೊಡ್ಡದಕ್ಕೆ 6.

ಹಡಗು, ಬಂದರು, ಸರಕು ಇಡಲು ನಾವಿಕರು ಬೇಕು. ಸಣ್ಣ ಎಲೆಗೆ ಯಾರೂ ಬೇಡ. ನಡುವಿನ ಎಲೆಗೆ ನಿಮ್ಮ ಮುಂದೆ ಒಬ್ಬ ನಾವಿಕನಾದರೂ ಇರಬೇಕು. ದೊಡ್ಡ ಎಲೆಗೆ ಇಬ್ಬರು. ನಾವಿಕರು ಖರ್ಚಾಗುವುದಿಲ್ಲ, ಒಮ್ಮೆ ಬಂದವರು ಕೊನೆಯವರೆಗೂ ಇರುತ್ತಾರೆ.

ಇಡಲಾಗದ ಅಥವಾ ಇಡಲು ಮನಸ್ಸಿಲ್ಲದ ಎಲೆಯನ್ನು ಮಗುಚಿ ಪಕ್ಕಕ್ಕಿಡಿ. ಕೊನೆಗೆ ಅಂಥ ಪ್ರತಿ ಎಲೆಗೂ 1 ಅಂಕ.

ಆಡುವ ಕ್ರಮ

ಒಟ್ಟು ಮೂರು ಸುತ್ತು. ನಾಲ್ವರಿದ್ದರೆ ಸುತ್ತಿಗೆ ತಲಾ 4 ಎಲೆ, ಮೂವರಿದ್ದರೆ ತಲಾ 5 ಎಲೆ ಹಂಚಿ. ಉಳಿದ ಎಲೆಗಳು ಮುಂದಿನ ಸುತ್ತಿಗೆ.

1. ಕೈಯಿಂದ ಒಂದು ಎಲೆ ಆರಿಸಿ ಮುಂದೆ ಮಗುಚಿ ಇಡಿ. ಎಲ್ಲರದೂ ಆದ ಮೇಲೆ ಒಟ್ಟಿಗೆ ತೆರೆಯಿರಿ. ಇಡಬಹುದಾದದ್ದನ್ನು ಇಡಿ, ಇಲ್ಲವೇ ಮಗುಚಿ ಪಕ್ಕಕ್ಕೆ ಸರಿಸಿ.

2. ಕೈಯಲ್ಲಿ ಉಳಿದ ಎಲೆಗಳನ್ನು ಪಕ್ಕದವರಿಗೆ ದಾಟಿಸಿ. ಮೊದಲ ಸುತ್ತಿನಲ್ಲಿ ಎಡಕ್ಕೆ, ಎರಡನೆಯದರಲ್ಲಿ ಬಲಕ್ಕೆ, ಮೂರನೆಯದರಲ್ಲಿ ಮತ್ತೆ ಎಡಕ್ಕೆ. ಕೈ ಖಾಲಿಯಾಗುವವರೆಗೆ ಹೀಗೇ.

3. ಸುತ್ತು ಮುಗಿದಾಗ ಸರಕನ್ನು ಹಡಗಿಗೆ ಏರಿಸಿ. ಹಡಗಿನಲ್ಲಿ ಜಾಗ ಸಾಲದೆ ಉಳಿದ ಸರಕು ದಂಡೆಯ ಮೇಲೆ ಬಿದ್ದಿರುತ್ತದೆ.

4. ಈಗ ಕೊಳ್ಳೆ. ಎಲ್ಲರಿಗಿಂತ ಹೆಚ್ಚು ನಾವಿಕರಿರುವವರು ಬೇರೆ ಯಾರಾದರೊಬ್ಬರ ದಂಡೆಯ ಮೇಲಿರುವ ಒಂದು ಸರಕನ್ನು ಎತ್ತಿಕೊಳ್ಳಬಹುದು. ತಮ್ಮ ಹಡಗಿನಲ್ಲಿ ಜಾಗವಿದ್ದರೆ ಏರಿಸಬಹುದು, ಇಲ್ಲದಿದ್ದರೆ ಅದು ಅವರ ದಂಡೆಗೆ. ಇಬ್ಬರು ಸಮಸಮವಿದ್ದರೆ ಆ ಸುತ್ತಿನಲ್ಲಿ ಕೊಳ್ಳೆಯಿಲ್ಲ.

5. ಕೊನೆಗೆ ಸುಂಕ. ಹಡಗು ಇರುವ ಬಂದರುಗಳ ಅಂಕ ಚೀಟಿಯಲ್ಲಿ ಬರೆಯಿರಿ.

ಮೂರನೇ ಸುತ್ತಿನ ನಂತರ ಹಡಗಿನಲ್ಲಿರುವ ಸರಕಿನ ಬೆಲೆ ಮತ್ತು ಮಗುಚಿದ ಎಲೆಗಳ ಅಂಕ ಸೇರಿಸಿ. ಹೆಚ್ಚು ಅಂಕ ಬಂದವರು ಗೆದ್ದಂತೆ.

ಇಬ್ಬರೇ ಇದ್ದರೆ ಸುತ್ತಿಗೆ ತಲಾ 8 ಎಲೆ ಹಂಚಿ. ಪ್ರತಿ ಸಲ ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಆಟದಿಂದಲೇ ಹೊರಗೆ ಹಾಕಿ, ಉಳಿದದ್ದನ್ನು ಅದಲುಬದಲು ಮಾಡಿ.

ಒಂದು ಸುತ್ತು ಆಡಿ ನೋಡೋಣ

ನಾಲ್ವರ ಆಟ. ಅಕ್ಕನ ಕೈಯಲ್ಲಿ ಆಟೀನು 9, ಕಳಾವರ್ 7, ಡೈಮಂಡ್ ರಾಜ, ಇಸ್ಪೀಟು 3. ಕಣ್ಣು ಹೋಗುವುದು ಡೈಮಂಡ್ ರಾಜನ ಮೇಲೆ, 6 ಅಂಕ! ಆದರೆ ಅವಳ ಬಳಿ ನಾವಿಕರಿಲ್ಲ. ಈಗ ತೆಗೆದರೆ ಮಗುಚಿ ಇಡಬೇಕು, ಸಿಗುವುದು ಒಂದೇ ಅಂಕ. ಅವಳು ಕಳಾವರ್ 7 ಇಡುತ್ತಾಳೆ. ಎರಡನೇ ಕೈಯಲ್ಲಿ ಬಂದ ಆಟೀನು 8 ಈಗ ಇಡಬಹುದು, ಒಬ್ಬ ನಾವಿಕ ಇದ್ದಾನಲ್ಲ. ಮೂರನೇ ಸಲ ಇಸ್ಪೀಟು 4, ಒಂದು ಮಚವೆ. ಕೊನೆಗೆ ಉಳಿದು ಬಂದದ್ದು ಡೈಮಂಡ್ 5.

ಸುತ್ತಿನ ಕೊನೆಗೆ ಮಚವೆಯಲ್ಲಿ ಆ ಒಂದು ಸರಕು ಏರಿತು, ದಂಡೆ ಖಾಲಿ, ಕೊಳ್ಳೆಯ ಭಯವಿಲ್ಲ. ಬಂದರಿಗೆ ಹಡಗೂ ಇದೆ, 2 ಅಂಕ ಸುಂಕ. ಅದೇ ಮೂರನೇ ಸಲ ಹಡಗು ಬಿಟ್ಟು ಇನ್ನೊಂದು ಬಂದರು ಇಟ್ಟಿದ್ದರೆ? ಎರಡು ಬಂದರಿದ್ದೂ ಸುಂಕ ಸೊನ್ನೆ, ಸರಕು ದಂಡೆಯ ಮೇಲೆ. ಎದುರಿಗೆ ಕೂತ ತಮ್ಮನ ಬಳಿ ಇಬ್ಬರು ನಾವಿಕರಿದ್ದು ಉಳಿದವರಿಗೆ ಅಷ್ಟಿಲ್ಲದಿದ್ದರೆ ‘ಅಕ್ಕಾ, ಆ ಐದು ಇತ್ತ ಕೊಡವಾ’ ಎಂದು ಕೈ ಚಾಚುತ್ತಿದ್ದ.

ಬಂದರೋ ಸರಕೋ?

ಈ ಆಟದ ಮುಖ್ಯ ಲೆಕ್ಕ ಇದು. ನಡುವಿನ ದರ್ಜೆಯ ಒಂದು ಬಂದರು ಮೊದಲ ಸುತ್ತಿನಲ್ಲಿ ಇಟ್ಟರೆ ಮೂರು ಸಲ ಸುಂಕ, ಒಟ್ಟು 6. ಎರಡನೇ ಸುತ್ತಿನಲ್ಲಿ ಇಟ್ಟರೆ 4. ಮೂರನೆಯದರಲ್ಲಿ 2. ಅದೇ ದರ್ಜೆಯ ಸರಕಿಗೆ ಯಾವಾಗ ಇಟ್ಟರೂ 4. ಸಣ್ಣ, ದೊಡ್ಡ ಎಲೆಗಳಲ್ಲೂ ಅನುಪಾತ ಇದೇ. ಅಂದರೆ ಹಡಗಿದ್ದರೆ ಮೊದಲ ಸುತ್ತಿನಲ್ಲಿ ಬಂದರು ಮೇಲು, ಮೂರನೆಯದರಲ್ಲಿ ಸರಕು ಮೇಲು. ಎರಡನೇ ಸುತ್ತಿನಲ್ಲಿ ಎರಡೂ ಸಮ. ಆಗ ನೋಡಬೇಕಾದದ್ದು ನಿಮ್ಮ ಹಡಗಿನಲ್ಲಿ ಜಾಗ ಇದೆಯೇ, ಪಕ್ಕದವರಿಗೆ ಯಾವುದು ಬೇಕು ಎಂಬುದನ್ನು.

ಹೊಸಬರು ಎಡವುವುದು ನಾವಿಕರ ವಿಷಯದಲ್ಲಿ. ಕಳಾವರ್‌ಗೆ ತನ್ನದೇ ಅಂಕವಿಲ್ಲವೆಂದು ಬಿಟ್ಟುಬಿಡುತ್ತಾರೆ. ಕೊನೆಯ ಸುತ್ತಿನಲ್ಲಿ ರಾಜ, ರಾಣಿಯರು ಕೈಗೆ ಬಂದರೂ ಮಗುಚಿ ಇಡಬೇಕಾಗುತ್ತದೆ. ಇಬ್ಬರು ನಾವಿಕರಾದರೆ ಯಾವ ಎಲೆಯಾದರೂ ಇಡಬಹುದು. ಮೂರನೆಯವನು ಬೇಕಾಗುವುದು ಕೊಳ್ಳೆಗೆ ಮಾತ್ರ. ಎಲ್ಲರೂ ಹಡಗು ತುಂಬಿಸಿಕೊಂಡು ದಂಡೆ ಖಾಲಿ ಇಟ್ಟಿದ್ದರೆ ಆ ಮೂರನೆಯವನು ದಂಡ. ಇದನ್ನು ಎದುರಾಳಿಗಳ ಎಲೆ ನೋಡಿಯೇ ತೀರ್ಮಾನಿಸಬೇಕು, ಎಲೆಗಳು ತೆರೆದೇ ಇರುತ್ತವಲ್ಲ.

ನಾಲ್ವರ ಆಟದಲ್ಲಿ ನೀವು ದಾಟಿಸಿದ ಕೈ ಮತ್ತೆ ನಿಮಗೆ ಬರುವುದಿಲ್ಲ. ಮೂವರ ಆಟದಲ್ಲಿ ನಾಲ್ಕನೇ ಎಲೆ ಆರಿಸುವಾಗ ಮೊದಲು ನೋಡಿದ ಕೈಯೇ ಮರಳುತ್ತದೆ. ಅಲ್ಲಿ ‘ಯಾವ ಎಲೆ ಯಾರೂ ಮುಟ್ಟದೆ ವಾಪಸು ಬಂದೀತು’ ಎಂದು ಊಹಿಸುವವರಿಗೆ ಮೇಲುಗೈ.

ಎಲೆಗೆ ಹೆಸರು, ಎಲೆಗೆ ಬಣ್ಣ

ಮಕ್ಕಳಿದ್ದರೆ ದೊಡ್ಡ ಎಲೆಗಳಿಗೆ ಹೆಸರಿಡಿ. ಕಳಾವರ್ ರಾಜ ಕಾನ್ಹೋಜಿ ಆಂಗ್ರೆ, ಕಳಾವರ್ ಗುಲಾಮ ತಿಮ್ಮೋಜಿ. ಆಟೀನು ರಾಜ ಗೋವೆ, ರಾಣಿ ಹೊನ್ನಾವರ, ಗುಲಾಮ ವೆಂಗುರ್ಲೆ. ನಡುವಿನವು ಕಾರವಾರ, ಅಂಕೋಲಾ, ಭಟ್ಕಳ, ಮಿರ್ಜಾನ್, ಮಾಲ್ವಣ. ಡೈಮಂಡ್ ರಾಜ ಅರಬಿ ಕುದುರೆ, ಗುಲಾಮ ಏಲಕ್ಕಿ. ಡೈಮಂಡ್ ರಾಣಿಗೆ ಮೆಣಸೇ ಸರಿ: ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದೇ ಕರೆಯುತ್ತಿದ್ದರು.

ಕೈಯಿಂದ ಎಲೆ ಬರೆಯುವ ಕಲೆಯೂ ದೂರವಿಲ್ಲ. ಸಾವಂತವಾಡಿಯಲ್ಲಿ ಗಂಜೀಫಾ ಎಲೆಗಳನ್ನು ಇಂದಿಗೂ ಕೈಯಿಂದ ಬರೆಯುತ್ತಾರೆ. ನಿಂತುಹೋಗಲಿದ್ದ ಆ ಕಸುಬನ್ನು ಅಲ್ಲಿನ ಭೋಸಲೆ ರಾಜಮನೆತನ ಅರಮನೆಯಲ್ಲೇ ಕಲಾವಿದರನ್ನು ಕೂರಿಸಿ ಉಳಿಸಿತು. ದುಂಡನೆಯ ಎಲೆ, ಅರಗಿನ ಹೊಳಪು. ದಶಾವತಾರದ ಕಟ್ಟಿನಲ್ಲಿ ಅವತಾರಕ್ಕೆ 12ರಂತೆ 120 ಎಲೆ. ನಮ್ಮ ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಛದ ಎಂಬ ಗಂಜೀಫಾ ಆಟಗಳನ್ನು ತಾವೇ ರೂಪಿಸಿದರು. ಅವುಗಳಲ್ಲಿ ದೊಡ್ಡದಕ್ಕೆ 360 ಎಲೆ. ಅರಮನೆಯ ಹಾಸಿನ ಮೇಲೆ ಅದು ಸರಿ, ರೈಲಿಗೆ 52ರ ಮೇಲೆ ಹೋದರೆ ಭಾರ. ಅಂಬೋಲಿ ಕಡೆ ಪ್ರವಾಸ ಹೋದವರು ಸಾವಂತವಾಡಿ ಅರಮನೆಯಲ್ಲಿ ಆ ಕೆಲಸ ನೋಡಿಬರಬಹುದು.

ಮನೆಯಲ್ಲಿ ಆಡುವಾಗ ಚೀಟಿಯ ಬದಲು ನಾಣ್ಯ ಬೇಕೆಂದರೆ ಖಾನಾಪುರದವರಿಗೆ ಮಣ್ಣು ಕೈಗೆಟುಕುವಷ್ಟರಲ್ಲಿದೆ. ಆ ಊರಿನ ಕುಂಬಾರಿಕೆ ಹೆಸರಾದದ್ದು. ಖಾದಿ ಆಯೋಗದ ಗ್ರಾಮೀಣ ಕುಂಬಾರಿಕೆ ತರಬೇತಿ ಸಂಸ್ಥೆಯೂ ಅಲ್ಲಿದೆ. ಗುಂಡಿಯಷ್ಟು ಬಿಲ್ಲೆಗಳನ್ನು ಮಕ್ಕಳೇ ತಟ್ಟಿ ಒಣಗಿಸಿ ಕುಂಬಾರರ ಆವಿಗೆಯಲ್ಲಿ ಸುಡಿಸಿಕೊಂಡರೆ ವರ್ಷಗಟ್ಟಲೆ ಬಾಳುತ್ತವೆ. ಪ್ರಯಾಣಕ್ಕೆ ಮಾತ್ರ ಚೀಟಿ, ಪೆನ್ಸಿಲ್ ಸಾಕು; ರೈಲಿನಲ್ಲಿ ಬಿಲ್ಲೆ ಉರುಳಿ ಸೀಟಿನಡಿ ಸೇರಿದರೆ ಆಟ ಅಲ್ಲಿಗೇ ನಿಂತಿತು.

ರೈಲಿನಲ್ಲಿ, ಮಳೆಯಲ್ಲಿ

ತೊಡೆಯ ಮೇಲೆ ಆಡಲು ಪರೀಕ್ಷೆಗೆ ಒಯ್ಯುವ ಕ್ಲಿಪ್ ಪ್ಯಾಡ್ ಒಳ್ಳೆಯದು. ಬಣ್ಣಕ್ಕೊಂದರಂತೆ ನಾಲ್ಕು ಸಾಲು ಮಾಡಿ, ಎಲೆಯ ಮೇಲೆ ಎಲೆ ಜಾರಿಸಿ ಅಂಕಿ ಕಾಣುವಂತೆ ಇಟ್ಟರೆ ಹನ್ನೆರಡು-ಹದಿನೈದು ಎಲೆಗೂ ಒಂದು ಪ್ಯಾಡ್ ಸಾಲುತ್ತದೆ. ಕಿಟಕಿ ಪಕ್ಕ ಕೂತವರು ಗಾಜು ಇಳಿಸಿಕೊಳ್ಳಿ.

ಸುತ್ತು ಮುಗಿದಲ್ಲಿ ಆಟ ನಿಲ್ಲಿಸಬಹುದು. ಎಲ್ಲರೂ ತಮ್ಮ ತಮ್ಮ ಎಲೆಗಳಿಗೆ ರಬ್ಬರ್ ಬ್ಯಾಂಡ್ ಹಾಕಿಟ್ಟರೆ ಖಾನಾಪುರದಲ್ಲಿ ಇಳಿಯುವ ಕುಟುಂಬ ಉಳಿದ ಸುತ್ತನ್ನು ಮನೆಯಲ್ಲಿ ಮುಗಿಸಬಹುದು. ಗುಂಜಿ ದಾಟಿ ಲೋಂಡಾಕ್ಕೆ ಹೋಗುವವರಿಗೆ ಒಂದೇ ಓಟದಲ್ಲಿ ಮೂರೂ ಸುತ್ತು ಮುಗಿಯುತ್ತವೆ.

ಜೂನ್ ಬಂತೆಂದರೆ ಖಾನಾಪುರದ ಕಾಡಂಚಿನ ಮನೆಗಳಲ್ಲಿ ರಟ್ಟಿನ ಎಲೆ ತೇವ ಹೀರಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಮೂಲೆ ಉಬ್ಬುತ್ತದೆ. ಮಳೆಗಾಲಕ್ಕೆ ಪ್ಲಾಸ್ಟಿಕ್ ಎಲೆಯ ಕಟ್ಟು ಕೊಳ್ಳಿ. ರಟ್ಟಿನದೇ ಆದರೆ ಜಿಪ್ ಚೀಲದಲ್ಲಿ, ಹೊಸ ಚಪ್ಪಲಿ ಡಬ್ಬಿಯಲ್ಲಿ ಬರುವ ಸಿಲಿಕಾ ಪೊಟ್ಟಣದ ಜೊತೆ ಇಡಿ. ದುಬಾರಿ ಡಬ್ಬಿ ಆಟ ಕೊಂಡವರಂತೂ ಎಲೆಗೆ ಪಾರದರ್ಶಕ ಕವಚ ಹಾಕಲೇಬೇಕು.

ಇನ್ನೊಂದು ಎಚ್ಚರಿಕೆ. 1963ರ ಕರ್ನಾಟಕ ಪೊಲೀಸ್ ಕಾಯ್ದೆಯ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ಹಣ ಇಟ್ಟು ಜೂಜಾಡುವುದು ಅಪರಾಧ. ಈ ಆಟದಲ್ಲಿ ಪಣವಿಲ್ಲ, ಅಂಕ ಮಾತ್ರ. ಆದರೂ ಇಸ್ಪೀಟ್ ಎಲೆಯ ಪಕ್ಕ ನೋಟು, ಚಿಲ್ಲರೆ ಬಿದ್ದಿದ್ದರೆ ನೋಡಿದವರು ಬೇರೆಯೇ ತಿಳಿಯುತ್ತಾರೆ. ಅಂಕಕ್ಕೆ ನಿಜವಾದ ನಾಣ್ಯ ಬಳಸಲೇಬೇಡಿ.

ಇನ್ನು ಡಬ್ಬಿ ಕೊಳ್ಳುವುದಾದರೆ

ನಾಲ್ಕಾರು ಸಲ ‘ವೆಂಗುರ್ಲೆ’ ಆಡಿದ ಮೇಲೆ ನಿಮ್ಮ ಮನೆಯವರ ಒಲವು ಗೊತ್ತಾಗುತ್ತದೆ.

ಎಲೆ ದಾಟಿಸುವುದೇ ಖುಷಿ ಕೊಟ್ಟಿತೆ? 2013ರಲ್ಲಿ ಬಂದ ‘ಸುಶಿ ಗೋ’ ನೋಡಿ. 108 ಎಲೆ, ಇಬ್ಬರಿಂದ ಐವರು, ಚಿಕ್ಕ ಡಬ್ಬಿ, ಸಣ್ಣ ಮಕ್ಕಳಿಗೂ ತಿಳಿಯುತ್ತದೆ. ಅದರ ಹಿರಿಯಣ್ಣ 2010ರ ‘ಸೆವೆನ್ ವಂಡರ್ಸ್’ನಲ್ಲಿ ದಾಟಿಸುವುದೂ ಎಂಜಿನ್ನೂ ಎರಡೂ ಇವೆ, ಆದರೆ ಅದಕ್ಕೆ ದೊಡ್ಡ ಮೇಜು ಬೇಕು; ರೈಲಿಗಲ್ಲ.

ಬಂದರಿನ ಸುಂಕ ಸೇರಿಸುವುದೇ ಹಿಡಿಸಿತೆ? 2014ರ ‘ಸ್ಪ್ಲೆಂಡರ್’ ಶುದ್ಧ ಎಂಜಿನ್ ಆಟ. ಆದರೆ ಅದರ 40 ಭಾರದ ಬಿಲ್ಲೆಗಳು ಮನೆಯಲ್ಲೇ ಇರಲಿ.

ಕಡಲೂ ಬೇಕು, ಎಂಜಿನ್ನೂ ಬೇಕು, ಜೇಬಲ್ಲೂ ಹಿಡಿಯಬೇಕು ಎಂದರೆ ಆಸ್ಟ್ರಿಯಾದ ಅಲೆಕ್ಸಾಂಡರ್ ಫಿಸ್ಟರ್ ರೂಪಿಸಿದ 2014ರ ‘ಪೋರ್ಟ್ ರಾಯಲ್’ ಹತ್ತಿರದ್ದು. 1692ರ ಭೂಕಂಪದಲ್ಲಿ ಸಮುದ್ರ ನುಂಗಿದ ಜಮೈಕಾದ ಬಂದರಿನ ಹೆಸರು ಅದು. 120 ಎಲೆ, ಬೇರೇನೂ ಇಲ್ಲ. ಮಗುಚಿದ ಎಲೆಯೇ ನಾಣ್ಯ. ಇಲ್ಲಿ ಕೈ ದಾಟಿಸುವುದಿಲ್ಲ. ಕಟ್ಟಿನಿಂದ ಒಂದೊಂದೇ ಎಲೆ ತೆರೆಯುತ್ತ ಹೋಗಿ, ಬೇಕೆನಿಸಿದಲ್ಲಿ ನಿಲ್ಲಿಸಿ, ಹಡಗಿನಿಂದ ನಾಣ್ಯ ಪಡೆಯಬಹುದು ಅಥವಾ ನಾಣ್ಯ ಕೊಟ್ಟು ಆಳು ಇಟ್ಟುಕೊಳ್ಳಬಹುದು. ಒಂದೇ ಬಣ್ಣದ ಎರಡನೇ ಹಡಗು ಬಂದು, ಅದನ್ನು ಹಿಮ್ಮೆಟ್ಟಿಸುವಷ್ಟು ಕತ್ತಿ ನಿಮ್ಮಲ್ಲಿಲ್ಲದಿದ್ದರೆ ಆ ಸರದಿ ಪೂರ್ತಿ ಹಾಳು. ಉಳಿದವರು ನಿಮಗೆ ಒಂದು ನಾಣ್ಯ ಕೊಟ್ಟು ಮಿಕ್ಕ ಎಲೆಗಳಲ್ಲಿ ಆರಿಸಬಹುದಾದ್ದರಿಂದ ಯಾರೂ ಸುಮ್ಮನೆ ಕೂರುವುದಿಲ್ಲ. ಯಾರಾದರೂ 12 ಅಂಕ ಮುಟ್ಟಿದ ಸುತ್ತಿಗೆ ಆಟ ಮುಗಿಯುತ್ತದೆ.

ಕೊಳ್ಳೆಯೊಂದೇ ಇಷ್ಟವಾಯಿತು, ಕಟ್ಟುವ ತಾಳ್ಮೆ ಯಾರಿಗೂ ಇಲ್ಲ ಎನ್ನುವ ಮನೆಗೆ ‘ಸ್ಕಲ್ ಕಿಂಗ್’ ಸರಿ. ಡಬ್ಬಿಯ ಮೇಲೆ ಕಡಲ್ಗಳ್ಳನ ಚಿತ್ರವಿದ್ದರೂ ಅದು ಡ್ರಾಫ್ಟಿಂಗ್ ಅಲ್ಲ, ಎಂಜಿನ್ನೂ ಅಲ್ಲ. ಎಷ್ಟು ಪಟ್ಟು ಗೆಲ್ಲುತ್ತೇನೆಂದು ಮೊದಲೇ ಹೇಳಿ ಆಡುವ ತುರುಪಿನ ಜಾತಿಯ ಆಟ. ಮೆಂಡಿಕೋಟ್ ಆಡಿ ಬೆಳೆದವರು ಅದನ್ನು ಬೇಗ ಹಿಡಿಯುತ್ತಾರೆ. ಚಿತ್ರ ನೋಡಿ ಕೊಳ್ಳಬೇಡಿ, ಒಳಗಿನ ಆಟ ಯಾವ ಬಗೆಯದೆಂದು ಓದಿ ಕೊಳ್ಳಿ.